ಮಾಸ್ತರು ಓದದೆ ತಿರುವಿದ ಹಾಳೆಗಳು

ನಾನು ಒಂದು ಟೇಪ್ ರೆಕಾರ್ಡರ್. ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸುತ್ತಿದ್ದ ಹೆಣ್ಣುಮಗಳು ಹೊಟ್ಟೆಯೊಳಗೆ ರಬ್ಬರ್ ಬೆಲ್ಟು ಕೂರಿಸಿ, ಪಕ್ಕದವಳಿಗೆ, "ಸ್ವಲ್ಪ ಸಡಿಲ ಇದ್ಯೇನೋ ಕಣೇ, ಹೋಗ್ಲಿ ಬಿಡು" ಎಂದಳು. ಅವಳಿಗೇನು, ಹೇಳಿ ಮುಂದಿನ ಪೆಟ್ಟಿಗೆಗೆ ಕೈಹಾಕಿದಳು. ನನಗೆ ಮಾತ್ರ ಆ ಮಾತು ಜನ್ಮಕ್ಕೆ ಅಂಟಿಕೊಂಡಿತು. ಯಾರು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೂ ನನಗೆ ಒಂದೇ ದಿಗಿಲು: ಎಲ್ಲಿ ರೀಲು ನುಂಗಿಬಿಡುತ್ತೇನೋ, ಎಲ್ಲಿ ಬೈಸಿಕೊಳ್ಳುತ್ತೇನೋ!

ನನ್ನನ್ನು ಮೊದಲು ಕೊಂಡವರು ರಾಣೇಬೆನ್ನೂರಿನ ದರ್ಜಿ ಮೌಲಾಸಾಬರು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ನನಗೊಂದು ಸ್ಟೂಲು ಹಾಕಿದರು. ಮೊದಮೊದಲು ಹಾಡು ಹಾಕುತ್ತಿದ್ದರು. ಆಮೇಲೆ ಅವರಿಗೆ ಏನು ತಲೆಗೆ ಬಂತೋ, ಗಿರಾಕಿಗಳ ಅಳತೆಯನ್ನು ಬರೆದುಕೊಳ್ಳುವ ಬದಲು ನನ್ನ ಮುಂದೆ ಹೇಳಿ ತುಂಬಿಸತೊಡಗಿದರು. "ಎದಿ ಮೂವತ್ತೆಂಟು, ತೋಳು ಇಪ್ಪತ್ಮೂರು, ಎಡ ಭುಜ ಜೋಲು, ಮನಶ್ಯಾ ಭಾಳ ಕಿರಿಕಿರಿ." ಒಂದು ದಿನ ಅದೇ ಕಿರಿಕಿರಿಯ ಮನುಷ್ಯ ಎದುರಿಗೆ ಕೂತಿದ್ದಾಗ ಸಾಬರು ಅಳತೆ ನೋಡಲೆಂದು ಗುಂಡಿ ಒತ್ತಿದರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ. ಆ ಮನುಷ್ಯ ಬಟ್ಟೆ ವಾಪಸು ತೆಗೆದುಕೊಂಡು ಹೋದ. ಸಾಬರು ನನ್ನನ್ನು ಹಂಗಿಸಲಿಲ್ಲ, ತಾವೇ ಹಣೆ ಹಣೆ ಬಡಿದುಕೊಂಡರು. ಅಂದಿನಿಂದ ನಾನು ಅಟ್ಟ ಸೇರಿದೆ.

ಆ ಅಂಗಡಿಯಲ್ಲಿ ಕಲ್ಲವ್ವ ಅಂತ ಒಬ್ಬಾಕೆ ಕಾಜ ಮಾಡಿ ಗುಂಡಿ ಹಚ್ಚುತ್ತಿದ್ದಳು. ಬಾಗಿಲ ಬದಿಗೆ ಕೂತು, ಹೊಲಿದ ಅಂಗಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಕಿಕೊಂಡು ಕೆಲಸ. ಎಲ್ಲಾದರೂ ದಾರ ಜೋತುಬಿದ್ದಿದ್ದು ಕಂಡರೆ ಸಾಕು, ಅವಳ ಕತ್ತರಿ ಟಕ್ಕೆಂದು ಎದ್ದುಬಿಡುತ್ತಿತ್ತು. ಗಿರಾಕಿಗಳ ಮೈಮೇಲಿನ ಅಂಗಿಯ ದಾರವನ್ನೂ ಕೇಳದೆ ಕತ್ತರಿಸುತ್ತಿದ್ದಳು. ಅವಳ ಸತ್ತ ಅಕ್ಕನ ಮಗಳೇ ಮಹಾನಂದಾ. ಮೂರು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಚಿಗವ್ವನ ಮನೆಯಲ್ಲೇ ಬೆಳೆದು, ಊರಿನ ಕಾಲೇಜಿನಲ್ಲಿ ಬಿ.ಎ. ಕಡೆಯ ವರ್ಷಕ್ಕೆ ಬಂದಿದ್ದಳು. ಕನ್ನಡವೆಂದರೆ ಪ್ರಾಣ.

"ಓದಾಕ ಮಂದಿ ಬೇಕ್ರೀ ಸಾಬರ," ಎಂದು ಕಲ್ಲವ್ವ ಒಂದು ದಿನ ಗುಂಡಿ ಹಚ್ಚುತ್ತಲೇ ಅಲವತ್ತುಕೊಂಡಳು. "ನನಗೋ ಅಕ್ಷರ ಬರೂದಿಲ್ಲ. ಗೆಳತ್ಯಾರಿಗೆ ತಮ್ಮ ಪರೀಕ್ಷಿನ ಹೆಚ್ಚಾಗೇತಿ. ಈ ಹುಡುಗಿ ಯಾರ ಮುಂದ ಕೂತು ಓದ್ರಿ ಓದ್ರಿ ಅನ್ನಬೇಕು?"

ಸಾಬರು ಅಟ್ಟದ ಕಡೆ ನೋಡಿದರು. ನನ್ನ ಎದೆ ಧಸಕ್ಕೆಂದಿತು. ಹಾಗೆ ನಾನು ಮಹಾನಂದಾಳ ಪಾಲಾದೆ. ಓದುವವರನ್ನೂ ಸಾಬರೇ ಹುಡುಕಿಕೊಟ್ಟರು. ಊರ ಇನ್ನೊಂದು ತುದಿಯಲ್ಲಿದ್ದ ಶಿವಮೂರ್ತೆಪ್ಪ ಮಾಸ್ತರು.

ಶಿವಮೂರ್ತೆಪ್ಪ ಮಾಸ್ತರು ಶಾಲೆಯ ಮಾಸ್ತರಲ್ಲ, ನಾಟಕ ಕಂಪನಿಯ ಮಾಸ್ತರು. ಮೂವತ್ತು ವರ್ಷ ಕಂಪನಿಯಲ್ಲಿ ರಾಜಾಪಾರ್ಟು ಮಾಡಿದವರು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಕೂದಲು ಉದುರಿತ್ತು, ಧ್ವನಿ ಮಾತ್ರ ಹಾಗೇ ಇತ್ತು. ಅಬ್ಬಾ, ಆ ಧ್ವನಿ! ಭಾನುವಾರ ಮುಂಜಾನೆ ಸಾಬರು ನನ್ನನ್ನು ಚೀಲದಲ್ಲಿ ಹಾಕಿ ಸೈಕಲ್ಲಿಗೆ ಕಟ್ಟಿಕೊಂಡು ಅವರ ಮನೆಗೆ ಒಯ್ಯುತ್ತಿದ್ದರು. ಮಾಸ್ತರು ನನ್ನನ್ನು ಮೇಜಿನ ಮೇಲಿಟ್ಟು, ಕೆಂಪು ಗುಂಡಿ ಒತ್ತಿ, ಪುಸ್ತಕ ತೆರೆಯುತ್ತಿದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ಗದ್ದ, ಗದ್ದದ ಕೆಳಗೆ ಏರಿಳಿಯುವ ಗಂಟಲ ಗಂಟು, ಮೂಗಿನ ತುದಿಯ ಕನ್ನಡಕ. ಸಂಜೆ ಸಾಬರು ಬಂದು ನನ್ನನ್ನು ಮರಳಿ ಮಹಾನಂದಾಳಿಗೆ ಮುಟ್ಟಿಸುತ್ತಿದ್ದರು. ಇದಕ್ಕೆ ಮಾಸ್ತರು ಒಂದು ಕಪ್ಪು ಚಹಾದ ಹಂಗನ್ನೂ ಇಟ್ಟುಕೊಂಡವರಲ್ಲ.

ಆ ವರ್ಷ ಪರೀಕ್ಷೆಗಿದ್ದದ್ದು 'ಮಣಿಕೇತು ವಿಜಯ' ಎಂಬ ಹಳೆಯ ಷಟ್ಪದಿ ಕಾವ್ಯ. ಮಣಿಕೇತು ಎಂಬ ರಾಜಕುಮಾರ. ಬೆಟ್ಟದ ದೊರೆ ಕುಂಜರಾಕ್ಷ ಬಂಡೆ ಉರುಳಿಸಿ ನದಿಯನ್ನು ಕಟ್ಟಿ ನಿಲ್ಲಿಸುತ್ತಾನೆ, ಕೆಳಗಿನ ಊರು ಒಣಗುತ್ತದೆ, ಮಣಿಕೇತು ಹೋಗಿ ಅವನನ್ನು ಕೊಂದು ನೀರು ಬಿಡಿಸಿಕೊಂಡು ಬರುತ್ತಾನೆ. ಕಥೆ ಇಷ್ಟೇ. ಮಾಸ್ತರ ಕಂಪನಿ ಇದನ್ನೇ ನಾಟಕ ಮಾಡಿ ಆಡುತ್ತಿತ್ತಂತೆ, ಮಣಿಕೇತು ಯಾವಾಗಲೂ ಮಾಸ್ತರೇ. ಹಾಗಾಗಿ ಪುಸ್ತಕ ಅವರ ಪೆಟ್ಟಿಗೆಯಲ್ಲಿತ್ತು. ಕಾಲೇಜಿನ ಲೈಬ್ರರಿಯಲ್ಲಿದ್ದ ಒಂದೇ ಪ್ರತಿಯನ್ನು ಒಯ್ದ ಪುಣ್ಯಾತ್ಮರು ತಿರುಗಿ ತಂದಿರಲಿಲ್ಲ. ಉಳಿದ ಹುಡುಗಿಯರೆಲ್ಲ ಗೈಡಿನಲ್ಲಿದ್ದ ಎರಡು ಪುಟದ ಸಾರಾಂಶವನ್ನು ಉರುಹೊಡೆಯುತ್ತಿದ್ದರು.

ಮಾಸ್ತರು ಮಣಿಕೇತುವಿನ ಮಾತು ಓದಿದರೆ ನನ್ನ ಸ್ಪೀಕರು ತುಂಬಿ ಬರುತ್ತಿತ್ತು. ಕುಂಜರಾಕ್ಷನ ಮಾತು ಬಂದಾಗ ಗಂಟಲನ್ನು ಕರಕರ ಮಾಡಿ, ನಡುನಡುವೆ ಹಲ್ಲು ಕಡಿದು, ವಿಕಾರವಾಗಿ ನಗುತ್ತಿದ್ದರು. ಮಹಾನಂದಾ ಗೋಡೆಗೊರಗಿ, ನನ್ನ ಮೇಲೆ ಒಂದು ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಮಣಿಕೇತು ಗೆದ್ದಲ್ಲಿ ಅವಳ ಕೈ ಬಿಸಿಯಾಗುತ್ತಿತ್ತು.

ಈಗ ಆ ಭಾನುವಾರದ ವಿಷಯಕ್ಕೆ ಬರುತ್ತೇನೆ.

ಕಾಳಗದ ಸಂಧಿ. ಮಾಸ್ತರು ರಂಗೇರಿದ್ದರು. ಕುಂಜರಾಕ್ಷ ಗಾಯಗೊಂಡು ಗದೆಯನ್ನು ಎಸೆದುಬಿಟ್ಟ ಎಂಬ ಪದ್ಯ ಮುಗಿಯಿತು. ಹೆಬ್ಬೆರಳು ನಾಲಿಗೆಗೆ ತಾಗಿಸಿ ಹಾಳೆ ತಿರುವಿದರು. ಓದಲಿಲ್ಲ. ಕಣ್ಣು ಮಾತ್ರ ಸಾಲಿನ ಮೇಲೆ ಓಡಿತು, ತುಟಿ ಸದ್ದಿಲ್ಲದೆ ಅಲುಗಿತು. ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಮತ್ತೊಂದು ಹಾಳೆ ತಿರುವಿದರು. ಮತ್ತೂ ಒಂದು. ಆಮೇಲೆ ಕೆಮ್ಮಿ, ಮೊದಲಿನ ಗತ್ತಿನಲ್ಲೇ, ಮಣಿಕೇತುವಿನ ಮೇಲೆ ದೇವತೆಗಳು ಹೂಮಳೆ ಸುರಿಸಿದ ಪದ್ಯಕ್ಕೆ ಬಂದರು.

ಅಯ್ಯೋ, ಏನೋ ಬಿಟ್ಟರಲ್ಲ! ನಾನು ಕಂಡೆ. ಆದರೆ ಕಂಡದ್ದನ್ನು ಹೇಳುವ ಬಾಯಿ ನನಗಿಲ್ಲ, ಕೇಳಿದ್ದನ್ನಷ್ಟೇ ಹೇಳಬಲ್ಲೆ. ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಚಡಪಡಿಸಿದೆ. ಅವಳಿಗೆ ಗೊತ್ತಾಗದಿದ್ದರೆ ಪರೀಕ್ಷೆಯ ಗತಿಯೇನು? ಗೊತ್ತಾದರೆ ಮಾಸ್ತರ ಗತಿಯೇನು?

ನಾನು ಅವಳ ಕಿವಿಯನ್ನು ಕಡಿಮೆ ಅಂದಾಜು ಮಾಡಿದ್ದೆ. ಅವಳು ಆ ಜಾಗವನ್ನು ಒಮ್ಮೆ ಕೇಳಿದಳು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಐದನೆಯ ಸಲ ಕೇಳಿದಾಗ ನನ್ನ ಮೇಲಿದ್ದ ಕೈ ತಣ್ಣಗಾಗಿತ್ತು.

ಮಹಾನಂದಾಳ ಹತ್ತಿರ ಎರಡು ಕ್ಯಾಸೆಟ್ಟುಗಳಿದ್ದವು. ಮಾಸ್ತರ ಓದಿನದಕ್ಕೆ ಒಂದು ಗಂಟಿನ ದಾರ ಕಟ್ಟಿದ್ದಳು, ಕೈಯಿಂದ ಗುರುತು ಹಿಡಿಯಲಿಕ್ಕೆ. ಎರಡು ಗಂಟಿನದು ಅವಳ ಸ್ವಂತದ್ದು. ಓದಿದ್ದರ ಬಗ್ಗೆ ತನಗೆ ಅನ್ನಿಸಿದ್ದನ್ನೆಲ್ಲ ಅದರಲ್ಲಿ ಹೇಳಿಟ್ಟುಕೊಳ್ಳುತ್ತಿದ್ದಳು, ಆಮೇಲೆ ಕೇಳಿ ಉತ್ತರ ಸಿದ್ಧ ಮಾಡಿಕೊಳ್ಳಲು. ಮಾರನೆಯ ದಿನ ಚಿಗವ್ವ ಅಂಗಡಿಗೆ ಹೋದಮೇಲೆ ಬಾಗಿಲು ಮುಂದೆ ಮಾಡಿಕೊಂಡು, ನನ್ನ ಹತ್ತಿರ ಬಾಯಿ ತಂದು, ಕದ್ದು ಮಾತಾಡುವವರ ಹಾಗೆ ಶುರುಮಾಡಿದಳು.

"ನಾಯಕ ಬರುವಾಗ ಕವಿಗಳು ಸಂಪಿಗಿ ವಾಸನಿ ತರತಾರ, ಮೊಗಾ ಚಂದ್ರ ಅಂತಾರ. ಖಳ ಬಂದ್ರ ಕರ್ರಗ, ಕೋರೆಹಲ್ಲು, ಕೆಂಪು ಕಣ್ಣು. ಕಣ್ಣಿದ್ದವ್ರಿಗೆ ಅಷ್ಟ ಹೇಳಿದ್ರ ಸಾಕು, ಯಾರು ಯಾರಂತ ತಿಳೀತೈತಿ. ನನಗ ಕರ್ರಗ ಅಂದ್ರೇನು, ಬೆಳ್ಳಗ ಅಂದ್ರೇನು? ನನಗ ಅವ್ರು ಆಡಿದ ಮಾತು, ಮಾಡಿದ ಕೆಲಸ ಅಷ್ಟ. ಆದ್ರ ಇವತ್ತ ಒಂದು ಹೊಳೀತು. ನಾನೂ ಮೋಸ ಹೋಗೇನಿ. ನನಗ ಬಣ್ಣ ಹಚ್ಚಿದ್ದು ಮಾಸ್ತರ ಧ್ವನಿ. ಮಣಿಕೇತು ಛಲೋದವ ಅಂತ ಕಾವ್ಯ ಹೇಳಿತೋ, ಮಾಸ್ತರ ಗಂಟಲ ಹೇಳಿತೋ?"

ಬಾಗಿಲ ಕಡೆ ಒಮ್ಮೆ ಕಿವಿಗೊಟ್ಟು, ಮತ್ತೆ ನನ್ನ ಕಡೆ ಬಾಗಿದಳು. ನಾನು ಸುಮ್ಮನೆ ತಿರುಗುತ್ತಿದ್ದೆ.

"ಒಂಬತ್ತು ಪದ್ಯಕ್ಕೊಮ್ಮೆ ಹಾಳಿ ತಿರುವೋ ಸಪ್ಪಳ ಬರತೈತಿ, ಮೊದಲಿಂದ ಎಣಿಸೇನಿ. ಇಲ್ಲಿ ಒಂದರ ಹಿಂದ ಒಂದು ಮೂರು ಸಲ ಬಂತು. ಹದಿನೆಂಟು ಪದ್ಯ ಇಲ್ಲ. ಕುಂಜರಾಕ್ಷ ಗದಾ ಒಗದ, ಹೂವಿನ ಮಳಿ ಬಿತ್ತು. ನಡುವ ಅಂವ ಸತ್ತದ್ದು ಹೆಂಗ? ಮಾಸ್ತರು ಬೇಕಂತನ ಬಿಟ್ಟಾರ. ನನಗ ಕಾಣೂದಿಲ್ಲ ಅಂತ ಬಿಟ್ಟಾರ."

ಕಡೆಯ ಮಾತಿಗೆ ಅವಳೇ ಬೆಚ್ಚಿ ನನ್ನನ್ನು ನಿಲ್ಲಿಸಿದಳು.

ಆಮೇಲಿನ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಕೇಳಿದರೆ ತಪ್ಪು ಹೊರಿಸಿದ ಹಾಗೆ. ಬಿಟ್ಟಿ ಓದಿಕೊಡುವ ಹಿರಿಯರನ್ನು, "ಕಳ್ಳಾಟ ಆಡಿದ್ರ್ಯಾ?" ಎಂದು ಕೇಳುವುದು ಹೇಗೆ? ಅವರು ಮುನಿಸಿಕೊಂಡರೆ ಉಳಿದ ಪುಸ್ತಕ ಓದುವವರು ಯಾರು? ಕೇಳದಿದ್ದರೆ, ಬರುವ ವಾರ ಬುಧವಾರದ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಬರೆಸಬೇಕು. ಇನ್ನೂ ಕಡೆಯ ಸಂಧಿ ಬೇರೆ ಓದಿಸುವುದಿತ್ತು. ಕಡೆಗೆ, ಈ ಭಾನುವಾರ ಆ ಸಂಧಿ ಓದಿಕೊಡಲಿ, ಮತ್ತೆ ನೋಡೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡಳು.

ಭಾನುವಾರ ಮುಂಜಾನೆ ಅವಳು ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಳು. ಸಾಬರ ಸೈಕಲ್ಲಿನ ಗಂಟೆ ಕೇಳಿಸಿತು. ಕಲ್ಲವ್ವ ಗಡಿಬಿಡಿಯಿಂದ ನನ್ನ ಹತ್ತಿರ ಬಂದಳು. ಕ್ಯಾಸೆಟ್ಟುಗಳ ಮೇಲೆ ದಾರ ಜೋತುಬಿದ್ದದ್ದು ಕಣ್ಣಿಗೆ ಬಿತ್ತು. ಬೇಡ ಕಲ್ಲವ್ವಾ, ಬೇಡ! ಕತ್ತರಿ ಟಕ್ ಎಂದಿತು, ಮತ್ತೆ ಟಕ್ ಎಂದಿತು. ಎರಡೂ ಕ್ಯಾಸೆಟ್ಟನ್ನು ಚೊಕ್ಕಟ ಮಾಡಿದ ಸಮಾಧಾನದಲ್ಲಿ, ಕೈಗೆ ಸಿಕ್ಕಿದ್ದನ್ನು ನನ್ನೊಳಗೆ ತುರುಕಿ ಸಾಬರ ಕೈಗೆ ಕೊಟ್ಟುಬಿಟ್ಟಳು.

ಮಾಸ್ತರು ಅಂದು ಬೇಗನೆ ಮೇಜಿನ ಮುಂದೆ ಕೂತರು. ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದೆನೆಂದು ನೋಡಲು ರೀಲನ್ನು ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದರು. ಆಗ ನಾನು ರೀಲು ನುಂಗಬಾರದಿತ್ತೆ? ಜನ್ಮವೆಲ್ಲ ಯಾವುದಕ್ಕೆ ಹೆದರಿದ್ದೆನೋ ಅದು ಆ ಒಂದು ಗಳಿಗೆಯಲ್ಲಿ ಆಗಲಿ ಎಂದು ಬೇಡಿಕೊಂಡೆ. ಆಗಲಿಲ್ಲ. ಒಂದಿಷ್ಟೂ ತೊಡರದೆ, ಅವಳ ಧ್ವನಿ ನನ್ನಿಂದ ನೀಟಾಗಿ ಹೊರಬಂತು.

ಮಾಸ್ತರು ಮೊದಲು ನಕ್ಕರು. "ಹುಡುಗಿ ಮಾತು ನೋಡ್ರಿ," ಎಂದು ತಮಗೆ ತಾವೇ ಅಂದುಕೊಂಡರು. ಬರಬರುತ್ತ ನಗು ನಿಂತಿತು. 'ನನಗ ಕಾಣೂದಿಲ್ಲ ಅಂತ ಬಿಟ್ಟಾರ' ಎಂಬಲ್ಲಿಗೆ ಬಂದಾಗ ಅವರ ಗದ್ದ ಅಲುಗಿತು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಹಾಗೇ ಕೂತರು. ಸಂಜೆ ಸಾಬರು ಬಂದಾಗ, "ಗಂಟಲ ಸರಿ ಇಲ್ಲೋ ಮೌಲಾ, ಓದಾಕ ಆಗಲಿಲ್ಲ ಅಂತ ಹೇಳು," ಎಂದಷ್ಟೇ ಹೇಳಿ ನನ್ನನ್ನು ಚೀಲಕ್ಕೆ ಹಾಕಿದರು.

ಮಹಾನಂದಾಳಿಗೆ ವಿಷಯ ತಿಳಿದದ್ದು ಸೋಮವಾರ. ನನ್ನೊಳಗಿದ್ದ ಕ್ಯಾಸೆಟ್ಟನ್ನು ಕೈಗೆ ತೆಗೆದು ಗಂಟಿಗಾಗಿ ತಡಕಾಡಿದಳು. ಇನ್ನೊಂದನ್ನು ತಡಕಾಡಿದಳು. ಮೊದಲಿನದನ್ನು ತಿರುಗಿ ಹಾಕಿ, ಹಿಂದಕ್ಕೆ ಓಡಿಸಿ, ಗುಂಡಿ ಒತ್ತಿ ತನ್ನದೇ ಧ್ವನಿ ಕೇಳಿದವಳೇ ನೆಲಕ್ಕೆ ಕುಸಿದಳು.

"ಚಿಗವ್ವಾ, ಇದರ ದಾರ ಏನ್ ಮಾಡಿದಿ?"

"ಜೋತಾಡಾಕತ್ತಿತ್ತವಾ, ಕತ್ತರಿಸಿದೆ. ಯಾಕ?"

ಯಾಕೆಂದು ತಿಳಿದಮೇಲೆ ಕಲ್ಲವ್ವ ತಲೆ ಚಚ್ಚಿಕೊಂಡಳು. ಕತ್ತರಿಯನ್ನು ಮೂಲೆಗೆ ಬಿಸಾಡಿದಳು. "ನನ್ನ ಕೈ ಸೇದಿಹೋಗ್ಲಿ! ಮೂವತ್ತು ವರ್ಷ ದಾರ ಕತ್ತರಿಸಿ ಕತ್ತರಿಸಿ, ಈಗ ನಿನ್ನ ಕುತಿಗಿಗೆ ತಂದ್ನಲ್ಲವಾ!" ಮಹಾನಂದಾ ಅಳಲಿಲ್ಲ. ಅತ್ತಿದ್ದರೆ ನನಗೆ ಒಂದು ಥರ ಸಮಾಧಾನವಾಗುತ್ತಿತ್ತು. "ಅವರು ಎಲ್ಲಾ ಕೇಳ್ಯಾರ ಚಿಗವ್ವಾ. ಎಲ್ಲಾ ಕೇಳ್ಯಾರ," ಎಂದು ಅದನ್ನೇ ಅಂದಳು.

ಮಂಗಳವಾರ ಇಬ್ಬರೂ ಮಾಸ್ತರ ಮನೆಗೆ ಹೋದರು. ಸಿಟ್ಟು ಇಳಿದರೆ ಅಲ್ಲೇ ಓದಿಸಿಕೊಳ್ಳಬಹುದು ಎಂಬ ಆಸೆಯಿಂದ ನನ್ನನ್ನೂ ಚೀಲದಲ್ಲಿ ಒಯ್ದಿದ್ದರು. ಬಾಗಿಲು ಹಾಕಿತ್ತು. ಕಲ್ಲವ್ವ ಚಿಲಕ ಬಡಿದಳು. ಉತ್ತರವಿಲ್ಲ. "ಊರಾಗ ಇಲ್ಲ ಕಾಣತೈತಿ, ನಡಿಯವಾ," ಎಂದು ಕೈ ಹಿಡಿದು ಎಳೆದಳು.

ಮಹಾನಂದಾ ಅಲುಗಲಿಲ್ಲ. ಒಳಗಿನಿಂದ ಒಂದು ಕೆಮ್ಮು ಕೇಳಿಸಿತ್ತು. ಬಾಯಿಗೆ ಬಟ್ಟೆ ಒತ್ತಿ ಹಿಡಿದ ಕೆಮ್ಮು. ನನಗೂ ಕೇಳಿಸಿತು.

"ಮಾಸ್ತರ," ಎಂದಳು ಬಾಗಿಲಿಗೆ ಮುಖ ಹಚ್ಚಿ. "ನನ್ನ ಬಾಯಿ ಜಾಸ್ತಿ ಆತ್ರಿ. ಕಾಣೂದಿಲ್ಲ ಅಂತ ಬಿಟ್ರಿ ಅಂದದ್ದು ತಪ್ಪಾತು. ಸಿಟ್ಟಾಗಬ್ಯಾಡ್ರಿ. ಆದ್ರ ಆ ಹದಿನೆಂಟು ಪದ್ಯದಾಗ ಏನೈತಿ ಅಂತ ನನಗ ಬೇಕ್ರಿ. ನಾಳಿ ಪರೀಕ್ಷೆ ಐತ್ರಿ."

ಒಳಗೆ ಯಾರೋ ಕುರ್ಚಿಯಿಂದ ಎದ್ದ ಸದ್ದಾಯಿತು. ಎರಡು ಹೆಜ್ಜೆ ಬಂತು. ಅಲ್ಲಿಗೇ ನಿಂತಿತು. ಎಷ್ಟು ಹೊತ್ತು ಕಾದರೂ ಬಾಗಿಲು ತೆರೆಯಲಿಲ್ಲ. ತಿರುಗಿ ಬರುವಾಗ ಮಹಾನಂದಾ ದಾರಿಯಲ್ಲಿ ಮೂರು ಸಲ ಎಡವಿದಳು. ಅವಳು ಹಾಗೆ ಎಡವಿದ್ದನ್ನು ನಾನು ಕಂಡಿರಲಿಲ್ಲ.

ನಿಜ ಹೇಳುತ್ತೇನೆ, ಆ ದಿನ ನಾನು ಮಾಸ್ತರನ್ನು ಮನಸಾರೆ ಬೈದೆ. ರಾಜಾಪಾರ್ಟು ಮಾಡಿದ ದೊಡ್ಡ ಮನುಷ್ಯನಂತೆ! ಕಣ್ಣಿಲ್ಲದ ಹುಡುಗಿ ಹೊಸ್ತಿಲಲ್ಲಿ ನಿಂತು ಅಂಗಲಾಚಿದರೆ ಬಾಗಿಲ ಹಿಂದೆ ಅವಿತುಕೊಳ್ಳುವ ಶೂರ!

ಬುಧವಾರ. ಪರೀಕ್ಷೆ ಹತ್ತು ಗಂಟೆಗೆ. ಒಂಬತ್ತೂ ಕಾಲಿಗೆ ಕಾಲೇಜಿನ ಗೇಟಿಗೆ ಬಂದೆವು. ಉತ್ತರ ಬರೆದುಕೊಡುವ ಹುಡುಗಿ ಇನ್ನೂ ಬಂದಿರಲಿಲ್ಲ. ಮೌಲಾಸಾಬರು ಅಂಗಡಿ ತೆರೆಯದೆ ಬಂದಿದ್ದರು. ಕಡೆಯ ಗಳಿಗೆಯಲ್ಲಿ ಒಮ್ಮೆ ಕೇಳಿಕೊಳ್ಳಬಹುದೆಂದು ಮಹಾನಂದಾ ನನ್ನನ್ನು ತಂದಿದ್ದಳು. ಆದರೆ ಏನನ್ನು ಕೇಳುವುದು? ನಾನು ಚೀಲದಲ್ಲಿ ತೆಪ್ಪಗೆ ಕೂತಿದ್ದೆ.

"ಚಿಗವ್ವಾ, ಬೇವಿನ ಗಿಡದ ಕಡೆ ಯಾರರೆ ನಿಂತಾರೇನು?" ಎಂದಳು ಮಹಾನಂದಾ ಇದ್ದಕ್ಕಿದ್ದಂತೆ. "ಮಾಸ್ತರು ಕೆಮ್ಮಿದಂಗಾತು."

ಮಾಸ್ತರು ನಿಂತಿದ್ದರು. ಎಂಟು ಗಂಟೆಯಿಂದ ನಿಂತಿದ್ದರಂತೆ. ಇಸ್ತ್ರಿ ಇಲ್ಲದ ಅಂಗಿ, ಬೋಳಿಸದ ಗಡ್ಡ, ಕಂಕುಳಲ್ಲಿ ಪುಸ್ತಕ. ಹತ್ತಿರ ಬಂದವರು ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ, "ಕುಂದರವಾ, ಹೊತ್ತಿಲ್ಲ," ಎಂದರು. ಮರದ ಕಟ್ಟೆಯ ಮೇಲೆ ಅವಳ ಪಕ್ಕ ಕೂತು ಪುಸ್ತಕ ತೆರೆದರು.

ಓದತೊಡಗಿದಾಗ ನಾನು ಬೇರೆ ಯಾರೋ ಓದುತ್ತಿದ್ದಾರೆಂದುಕೊಂಡೆ. ಗತ್ತಿಲ್ಲ, ಏರಿಳಿತವಿಲ್ಲ, ಹಲ್ಲು ಕಡಿಯುವುದಿಲ್ಲ. ಮನೆಯಲ್ಲಿ ಚಹಾ ಕೇಳುವ ಧ್ವನಿ. ಒಂದು ಪದ್ಯ ಓದುವುದು, ಅರ್ಥ ಹೇಳುವುದು, ಮುಂದಿನದಕ್ಕೆ ಹೋಗುವುದು.

ಗದೆ ಎಸೆದ ಕುಂಜರಾಕ್ಷ, ಬಾಯಾರಿದೆ, ನೀರು ಕುಡಿದು ಸಾಯುತ್ತೇನೆ ಎಂದ. ಮಣಿಕೇತು ಬಿಲ್ಲು ಇಳಿಸಿ, ಕುಡಿ, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಕುಂಜರಾಕ್ಷ ನಂಬಿದ. ತೆವಳಿಕೊಂಡು ಹೊಳೆಯ ಅಂಚಿಗೆ ಹೋಗಿ, ಬೆನ್ನು ತಿರುಗಿಸಿ, ಬೊಗಸೆಯಲ್ಲಿ ನೀರೆತ್ತಿದ. ಅದು ಬಾಯಿಗೆ ಮುಟ್ಟುವ ಮೊದಲೇ ಬಾಣ ಬೆನ್ನಿಗೆ ನಾಟಿತು. ಬೊಗಸೆಯ ನೀರು ಹೊಳೆಗೇ ಬಿತ್ತು. ಕವಿ ಏನನ್ನೂ ಮುಚ್ಚಿರಲಿಲ್ಲ. ಹದಿನೆಂಟು ಪದ್ಯ ಹಿಡಿದು ನಿಧಾನವಾಗಿ ಬರೆದಿದ್ದ.

ಮಾಸ್ತರು ಪುಸ್ತಕ ಮುಚ್ಚಿದರು.

"ಯಾಕ ಬಿಟ್ರಿ ಮಾಸ್ತರ?"

"ಕಂಪನ್ಯಾಗ ಇದನ್ನ ಆಡತಿರಲಿಲ್ಲವಾ. ಇದನ್ನ ಆಡಿದ್ರ ಮಣಿಕೇತುಗ ಚಪ್ಪಾಳಿ ಬೀಳೂದಿಲ್ಲ ಅಂತ ಮಾಲಕ್ರು ತಗಸಿದ್ರು. ಆದ್ರ ಅವರ ಮ್ಯಾಲ ಹಾಕಿ ನಾ ಪಾರಾಗಂಗಿಲ್ಲ." ಮಾಸ್ತರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. "ಮೂವತ್ತು ವರ್ಷ ಅಂವ ನಾನ ಆಗಿದ್ದೆ. ಜನಾ ನನ್ನ ಕಾಲು ಮುಟ್ಟತಿದ್ರು. ನಿನ್ನ ಸಲುವಾಗಿ ಓದೂ ಮುಂದ ಈ ಪದ್ಯ ಬಂದುವು. ನಾನ ಬಾಣ ಬಿಟ್ಟಂಗಾತು. ನಾಚಿಕಿ ಬಂತು. ಈ ಹುಡುಗಿಗೆ ಗೊತ್ತಾಗೂದಿಲ್ಲ ಅಂತ ಮನಸಿನ್ಯಾಗ ಬಂದಿತ್ತವಾ. ನೀ ಅಂದದ್ದು ಖರೇನ. ನಿನ್ನೆ ಬಾಗಲಾ ತಗೀಲಿಲ್ಲ, ನಿನ್ನ ಮುಂದ ಬಂದು ನಿಲ್ಲಾಕ ಮಾರಿ ಇರಲಿಲ್ಲ ನನಗ."

ಗಂಟೆ ಹೊಡೆಯಿತು. ಬರೆಯುವ ಹುಡುಗಿ ಓಡಿಬಂದು ಮಹಾನಂದಾಳ ಕೈ ಹಿಡಿದಳು. ಏನೂ ಹೇಳಲು ಸಮಯವಿಲ್ಲದೆ ಅವಳು ಹೊರಟುಹೋದಳು.

ಆ ಮೂರು ಗಂಟೆ! ಕಲ್ಲವ್ವ ಕಟ್ಟೆಯ ಒಂದು ತುದಿಗೆ, ಮಾಸ್ತರು ಇನ್ನೊಂದು ತುದಿಗೆ, ನಡುವೆ ನಾನು. ಸಾಬರು ಸೈಕಲ್ಲಿಗೊರಗಿ ಬೀಡಿ ಹಚ್ಚುವುದು, ಆರಿಸುವುದು. ಮಾಸ್ತರು ಹತ್ತು ನಿಮಿಷಕ್ಕೊಮ್ಮೆ, "ಎಷ್ಟಾತೋ ಮೌಲಾ?" ಎಂದು ಕೇಳುತ್ತಿದ್ದರು. ಫಲಿತಾಂಶಕ್ಕೆ ಕಾದ ಹುಡುಗರೂ ಅಷ್ಟು ಚಡಪಡಿಸುವುದಿಲ್ಲ.

ಮಹಾನಂದಾ ಹೊರಗೆ ಬಂದಾಗ ಮಾಸ್ತರು ಎದ್ದು ನಿಂತರು.

"ಏನ್ ಕೇಳಿದ್ರವಾ?"

"ಮಣಿಕೇತುವಿನ ಉದಾತ್ತ ಗುಣಗಳನ್ನು ವಿವರಿಸಿ ಅಂತ ರೀ."

"ಅಯ್ಯ ಶಿವನ! ಏನಂತ ಬರಿಸಿದಿ?"

"ಗುಣಾ ಎಲ್ಲಾ ಬರಿಸಿದೆ. ಊರ ಸಲುವಾಗಿ ಜೀವದ ಹಂಗು ಬಿಟ್ಟು ಹೋಗಿದ್ದೂ ಬರಿಸಿದೆ. ಆಮ್ಯಾಲ ಈ ಹದಿನೆಂಟು ಪದ್ಯನೂ ಬರಿಸಿದೆ. ಬರಿಯೋ ಹುಡುಗಿ, ಅಕ್ಕಾ ಪ್ರಶ್ನೆದಾಗ ಇದನ್ನ ಕೇಳಿಲ್ಲ ಅಂದ್ಲು. ಕೇಳದಿದ್ರೂ ಬರಿ ಅಂದೆ."

ಮಾಸ್ತರು ತಲೆಯಾಡಿಸಿದರು. ಅವಳಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ, "ಛಲೋ ಮಾಡಿದಿ," ಎಂದರು. ಆಮೇಲೆ ಹೊರಡುವವರ ಹಾಗೆ ಪುಸ್ತಕವನ್ನು ಕಂಕುಳಿಗೆ ಸೇರಿಸಿದರು.

"ಎಲ್ಲಿಗೆ ಹೊಂಟ್ರಿ? ಕಡೀ ಸಂಧಿ ಓದೂದೈತಲ್ರಿ," ಎಂದಳು ಮಹಾನಂದಾ.

"ಪರೀಕ್ಷೆ ಮುಗೀತಲ್ಲವಾ, ಇನ್ಯಾಕ?"

"ಪರೀಕ್ಷೆ ಮುಗೀತ್ರಿ. ಅಂವ ಮುಂದ ಏನಾದ ಅಂತ ನನಗ ತಿಳೀಬೇಕಲ್ರಿ. ಬಿಟ್ಟ ಪದ್ಯದಿಂದ ಹಿಡದು ಓದ್ರಿ, ತುಂಬಿಸಿಕೊಂತೇನಿ."

ಅವಳ ಮಾತಿದ್ದ ಕ್ಯಾಸೆಟ್ಟನ್ನು ತಿರುವಿ, ಇನ್ನೊಂದು ಬದಿ ಮೇಲೆ ಬರುವಂತೆ ನನ್ನೊಳಗೆ ಹಾಕಿದಳು. ಕೆಂಪು ಗುಂಡಿಯನ್ನು ಅವಳೇ ಒತ್ತಿದಳು. ಮಾಸ್ತರು ಆ ಹದಿನೆಂಟು ಪದ್ಯವನ್ನು ಮತ್ತೆ ಓದಿ, ಕಡೆಯ ಸಂಧಿಗೆ ಬಂದರು. ಮಣಿಕೇತು ಊರಿಗೆ ಬಂದ. ತಿರುಗಿ ಬಂದ ನೀರಿನಲ್ಲಿ ಜನ ಕುಣಿದರು. ಗುಡಿಯಲ್ಲಿ ಅರ್ಚಕರು ತೀರ್ಥ ಕೊಡಲು ಬಂದಾಗ ಅವನ ಅಂಗೈ ನಡುಗಿ ನೀರು ನೆಲಕ್ಕೆ ಚೆಲ್ಲಿತು. ಎರಡನೆಯ ಸಲ ಕೊಟ್ಟರು, ಚೆಲ್ಲಿತು. ಕೈಯನ್ನು ಉತ್ತರೀಯದಲ್ಲಿ ಮರೆಸಿಕೊಂಡ. ಅಂದಿನಿಂದ ಬದುಕಿರುವವರೆಗೂ ಅವನು ಬೊಗಸೆಯಲ್ಲಿ ನೀರು ಕುಡಿಯಲಿಲ್ಲ. ಜನ ಅದನ್ನು ಏನೋ ವ್ರತವೆಂದು ತಿಳಿದು ಕೈಮುಗಿದರು.

ಆ ಸಾಲಿಗೆ ಬಂದಾಗ ಮಾಸ್ತರ ಧ್ವನಿ ನಡುಗಿತು. ಅಭಿನಯವಲ್ಲ. ಅಭಿನಯ ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಓದಿ ಮುಗಿಸಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಮಹಾನಂದಾ ಕೈಚಾಚಿ ಅವರ ಮೊಣಕೈ ಹುಡುಕಿ ಹಿಡಿದುಕೊಂಡಳು. "ಬರೂ ಐತವಾರ ಮೌಲಾಸಾಬ ಕಾಕಾನ ಕೂಡ ಟೇಪ್ ಕಳಸ್ತೇನ್ರಿ, ಇನ್ನೂ ಎರಡು ಪೇಪರ್ ಅದಾವು," ಎಂದಳು. ಕಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅದೆಲ್ಲ ಆಗಿ ಬಹಳ ವರ್ಷಗಳಾದವು. ಮಹಾನಂದಾ ಪಾಸಾದಳು, ಮುಂದೆ ಓದಿದಳು, ಈಗ ಕನ್ನಡ ಕಲಿಸುತ್ತಾಳೆ. ನಾನು ಅವಳ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಸೀರೆಯೊಂದರ ಕೆಳಗೆ ಮಲಗಿರುತ್ತೇನೆ. ಇಲ್ಲಿ ಯಾರ ಕಾಟವೂ ಇಲ್ಲ. ಬಿಡುವಿದ್ದಾಗ ನನಗೆ ಒಂದೇ ಯೋಚನೆ. ಆ ಮಂಗಳವಾರ ನಾನು ಮಾಸ್ತರನ್ನು ಅಷ್ಟು ಬೈದೆನಲ್ಲ, ಅವರು ಆಗಲೇ ಬೆಳಗಾಗುವುದನ್ನು ಕಾಯುತ್ತಿದ್ದರೋ ಏನೋ. ಯಾರನ್ನಾದರೂ ಹೀಗೇ ಎಂದು ಹೇಳಿಬಿಡಲು ನನಗೆ ಈಗ ಹೆದರಿಕೆಯಾಗುತ್ತದೆ. ಬೇರೆಲ್ಲ ಹೆದರಿಕೆಗಳ ನಡುವೆ ಇದೊಂದು ಮಾತ್ರ ಇರಲಿ ಅನ್ನಿಸುತ್ತದೆ.

ಮಾಸ್ತರು ತೀರಿಕೊಂಡ ಮಾರನೆಯ ವರ್ಷ ಮಹಾನಂದಾ ನನ್ನನ್ನು ಹೊರಗೆ ತೆಗೆಸಿದಳು. ಅವಳ ಕಾಲೇಜಿನ ಹೊಸ ಅಧ್ಯಾಪಕಿ ಸುಪ್ರೀತಾ ಒಂದು ವೈರು ಚುಚ್ಚಿ, ನನ್ನಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಕೂತಳು. ನನ್ನ ಜೀವ ಕೈಯಲ್ಲಿತ್ತು. ಈ ವಯಸ್ಸಿನಲ್ಲಿ, ಈ ಕೆಲಸದಲ್ಲಿ ರೀಲು ನುಂಗಿದರೆ ಮಾಸ್ತರು ಎರಡನೆಯ ಸಲ ಸತ್ತ ಹಾಗೆ. ಹಲ್ಲುಕಚ್ಚಿ ತಿರುಗಿದೆ. ಮೊದಲು ಹಳೆಯ ಗತ್ತಿನ ಓದು ಬಂತು, ಹಾಳೆ ತಿರುವಿದ ಸದ್ದು ಬಂತು, ಹೂಮಳೆ ಬಂತು. ಆಮೇಲೆ ಇನ್ನೊಂದು ಕ್ಯಾಸೆಟ್ಟು, ಬೇವಿನ ಮರದ ಕೆಳಗಿನ ಓದು.

"ಮೇಡಂ, ಮೊದಲನೇದರಾಗ ನಡುವ ಪದ್ಯ ಬಿಟ್ಟಾರ್ರೀ," ಎಂದಳು ಸುಪ್ರೀತಾ. "ಓದಿದ್ದೂ ಸ್ವಲ್ಪ ನಾಟಕದಂಗ ಐತಿ. ಅದನ್ನ ತಗದುಬಿಡ್ಲೇನ್ರಿ? ಮಾಸ್ತರ ಹೆಸರಿಗೆ ಎರಡನೇದು ಚಂದ ಅನಸ್ತೈತಿ."

ಮಹಾನಂದಾಳ ಕೈ ನನ್ನ ಮೇಲಿತ್ತು.

"ತಗೀಬ್ಯಾಡ," ಎಂದಳು. "ಬಿಟ್ಟವರೂ ನಮ್ಮ ಮಾಸ್ತರ, ಬಂದು ಓದಿದವರೂ ನಮ್ಮ ಮಾಸ್ತರ."